ಪ್ರಿಂಟ್‌ಎಫ್ ಅನ್ನು ನಾವೇ ಬರೆಯುವುದು: ಮೊದಲು ಅಳತೆ, ಆಮೇಲೆ ಮುದ್ರಣ

ಸಿ ಭಾಷೆ ಕಲಿಯುವವರು ಮೊದಲ ದಿನವೇ ಬಳಸುವ ಫಂಕ್ಷನ್ ಪ್ರಿಂಟ್‌ಎಫ್. ಅದರ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮಾತ್ರ ಹೆಚ್ಚಿನವರು ನೋಡಲು ಹೋಗುವುದಿಲ್ಲ. ಅದನ್ನು ಸ್ವಂತವಾಗಿ ಬರೆದು ನೋಡಿದರೆ ಆರ್ಗ್ಯುಮೆಂಟ್‌ಗಳು ಹೇಗೆ ಸಾಗುತ್ತವೆ, ಪೂರ್ಣಾಂಕಗಳ ಮಿತಿ ಎಲ್ಲಿ ಕೈಕೊಡುತ್ತದೆ, ಅಕ್ಷರಗಳು ಪರದೆ ತಲುಪುವ ಮುನ್ನ ಎಲ್ಲೆಲ್ಲಿ ತಂಗುತ್ತವೆ ಎಂಬುದೆಲ್ಲ ಒಂದೇ ಕೆಲಸದಲ್ಲಿ ಅರ್ಥವಾಗುತ್ತದೆ.

ನಾನು ಮೊದಲ ಸಲ ಬರೆದಾಗ ಫಾರ್ಮ್ಯಾಟ್ ಸ್ಟ್ರಿಂಗ್ (ಏನನ್ನು ಯಾವ ರೂಪದಲ್ಲಿ ಮುದ್ರಿಸಬೇಕೆಂದು ಹೇಳುವ ಮೊದಲ ಆರ್ಗ್ಯುಮೆಂಟ್) ಓದುತ್ತ ಓದುತ್ತಲೇ ಅಕ್ಷರಗಳನ್ನು ಹೊರಗೆ ಕಳಿಸುತ್ತ ಹೋದೆ. ಸರಳ ಸಂಖ್ಯೆ, ಸರಳ ಸ್ಟ್ರಿಂಗ್ ಇರುವ ತನಕ ಎಲ್ಲವೂ ಸರಿಯಿತ್ತು. ಅಗಲ, ಸೊನ್ನೆ ತುಂಬುವಿಕೆ, + ಚಿಹ್ನೆ ಮೂರೂ ಒಟ್ಟಿಗೆ ಬಂದ ಕೂಡಲೇ ಇಫ್ ಒಳಗೊಂದು ಇಫ್ ಸೇರುತ್ತ ಹೋಗಿ, ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವ ಸ್ಥಿತಿ ಬಂತು. ಕೊನೆಗೆ ಎಲ್ಲವನ್ನೂ ಅಳಿಸಿ, ಒಂದೇ ಒಂದು ನಿಯಮ ಇಟ್ಟುಕೊಂಡು ಮತ್ತೆ ಬರೆದೆ: ಯಾವ ಭಾಗ ಎಷ್ಟು ಉದ್ದ ಎಂಬುದು ಪೂರ್ತಿ ಗೊತ್ತಾಗುವ ತನಕ ಆ ನಿರ್ದೇಶನದ (% ಇಂದ ಶುರುವಾಗುವ ತುಣುಕಿನ) ಒಂದು ಅಕ್ಷರವನ್ನೂ ಹೊರಗೆ ಕಳಿಸಬಾರದು. ಈ ಲೇಖನದ ಹಂತಗಳೆಲ್ಲ ಆ ನಿಯಮವನ್ನು ಹಿಡಿದೇ ಸಾಗುತ್ತವೆ.

ಬರವಣಿಗೆಯ ಅನುಕೂಲಕ್ಕಾಗಿ ಫಾರ್ಮ್ಯಾಟ್ ಅಕ್ಷರಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. %ಡಿ ಎಂದರೆ ಚಿಹ್ನೆಸಹಿತ ದಶಮಾನ ಪೂರ್ಣಾಂಕ, %ಯು ಎಂದರೆ ಚಿಹ್ನೆರಹಿತ ಪೂರ್ಣಾಂಕ, %ಎಕ್ಸ್ ಎಂದರೆ ಹದಿನಾರರ ಮೂಲ, %ಓ ಎಂದರೆ ಎಂಟರ ಮೂಲ, %ಎಸ್ ಸ್ಟ್ರಿಂಗ್, %ಸಿ ಒಂದು ಅಕ್ಷರ, %ಪಿ ಪಾಯಿಂಟರ್. ಮೊದಲ ಆವೃತ್ತಿಗೆ ಇಷ್ಟರ ಜೊತೆಗೆ %% ಸೇರಿದರೆ ಸಾಕು. ದಶಾಂಶ ಸಂಖ್ಯೆಗಳನ್ನು ಸದ್ಯಕ್ಕೆ ಹೊರಗಿಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಹಂತ 1: ಆರ್ಗ್ಯುಮೆಂಟ್‌ಗಳನ್ನು ಎತ್ತಿಕೊಳ್ಳುವುದು

ಪ್ರಿಂಟ್‌ಎಫ್‌ನ ಘೋಷಣೆಯಲ್ಲಿ ಫಾರ್ಮ್ಯಾಟ್ ಸ್ಟ್ರಿಂಗ್ ಒಂದೇ ಹೆಸರಿರುವ ಆರ್ಗ್ಯುಮೆಂಟ್. ಅದರ ನಂತರ ಮೂರು ಚುಕ್ಕಿ. ಆ ಚುಕ್ಕಿಗಳ ಹಿಂದಿರುವ ಮೌಲ್ಯಗಳನ್ನು ತಲುಪಲು ಎಸ್‌ಟಿಡಿಆರ್ಗ್ ಹೆಡರ್ ಫೈಲಿನಲ್ಲಿರುವ ವಿಎ_ಸ್ಟಾರ್ಟ್, ವಿಎ_ಆರ್ಗ್, ವಿಎ_ಎಂಡ್ ಎಂಬ ಮ್ಯಾಕ್ರೋಗಳನ್ನು ಬಳಸಬೇಕು. ಎಷ್ಟು ಮೌಲ್ಯಗಳು ಬಂದಿವೆ, ಯಾವ ವಿಧದವು ಎಂಬುದನ್ನು ಈ ಮ್ಯಾಕ್ರೋಗಳು ಹೇಳುವುದಿಲ್ಲ. ಫಾರ್ಮ್ಯಾಟ್ ಸ್ಟ್ರಿಂಗ್ ಹೇಳಿದ್ದನ್ನೇ ನಂಬಿ ನಾವು ಕೇಳಬೇಕು. ಫಾರ್ಮ್ಯಾಟ್ ಸುಳ್ಳು ಹೇಳಿದರೆ ಅದು ಅನಿರ್ದಿಷ್ಟ ವರ್ತನೆ, ಅಂದರೆ ಏನಾಗಬೇಕೆಂದು ಸಿ ಮಾನಕ (ಭಾಷೆಯ ಅಧಿಕೃತ ನಿಯಮಾವಳಿ) ಹೇಳದ ಸ್ಥಿತಿ. ಅದನ್ನು ಓಡುವ ಹೊತ್ತಿನಲ್ಲಿ ಪತ್ತೆ ಹಚ್ಚುವ ದಾರಿ ನಮ್ಮ ಕೈಯಲ್ಲಿಲ್ಲ. ಹಾಗಾಗಿಯೇ ಬಳಕೆದಾರರು ಕೊಟ್ಟ ಪಠ್ಯವನ್ನು ಫಾರ್ಮ್ಯಾಟ್‌ನ ಜಾಗದಲ್ಲಿ ನೇರವಾಗಿ ಇಡುವುದು ಭದ್ರತೆಯ ದೃಷ್ಟಿಯಿಂದ ದೊಡ್ಡ ತಪ್ಪು. ಇಲ್ಲಿಯವರೆಗೆ ಬರೆದ ಅಕ್ಷರಗಳ ಲೆಕ್ಕವನ್ನು ಮೆಮೊರಿಯಲ್ಲಿ ಬರೆದಿಡುವ %ಎನ್ ಅನ್ನು ನಾನು ಬೇಕೆಂದೇ ಬೆಂಬಲಿಸದಿರುವುದಕ್ಕೂ ಇದೇ ಕಾರಣ.

ಇಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುವ ಜಾಗವೊಂದಿದೆ. ಮೂರು ಚುಕ್ಕಿಗಳ ಮೂಲಕ ಹಾದುಹೋಗುವಾಗ ಚಾರ್ ಮತ್ತು ಶಾರ್ಟ್ ಮೌಲ್ಯಗಳು ಇಂಟ್ ಆಗಿಯೂ, ಫ್ಲೋಟ್ ಮೌಲ್ಯ ಡಬಲ್ ಆಗಿಯೂ ಬಡ್ತಿ ಪಡೆಯುತ್ತವೆ. ಆದ್ದರಿಂದ %ಸಿ ಬಂದಾಗ ವಿಎ_ಆರ್ಗ್‌ಗೆ ಚಾರ್ ಕೇಳಬಾರದು. ಇಂಟ್ ಕೇಳಿ, ಆಮೇಲೆ ಅನ್‌ಸೈನ್ಡ್ ಚಾರ್‌ಗೆ ಬದಲಾಯಿಸಬೇಕು. ಉದ್ದ ಸೂಚಿಸುವ ಎಚ್ ಮತ್ತು ಎಚ್‌ಎಚ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಎತ್ತಿಕೊಳ್ಳುವುದು ಇಂಟ್, ಕಿರಿದು ಮಾಡುವುದು ಆಮೇಲೆ.

ಕೆಲಸವನ್ನು ಸಣ್ಣ ಫಂಕ್ಷನ್‌ಗಳಿಗೆ ಹಂಚಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಈ ಮ್ಯಾಕ್ರೋಗಳು ತಮ್ಮ ಸ್ಥಿತಿಯನ್ನು ಇಟ್ಟುಕೊಳ್ಳುವ ವಿಎ_ಲಿಸ್ಟ್ ಅನ್ನು ಒಂದು ಫಂಕ್ಷನ್‌ಗೆ ಕೊಟ್ಟು, ಅದು ಒಳಗೆ ವಿಎ_ಆರ್ಗ್ ಬಳಸಿದರೆ, ಹಿಂದಿರುಗಿದ ಮೇಲೆ ನಮ್ಮ ಬಳಿ ಇರುವ ವಿಎ_ಲಿಸ್ಟ್ ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೆ ಸಿ ಮಾನಕ ಖಾತರಿ ಕೊಡುವುದಿಲ್ಲ. ಲಿನಕ್ಸ್ ಓಡುವ 64 ಬಿಟ್ ಇಂಟೆಲ್ ಮತ್ತು ಎಎಂಡಿ ಯಂತ್ರಗಳಲ್ಲಿ ವಿಎ_ಲಿಸ್ಟ್ ಎಂಬುದು 24 ಬೈಟ್‌ಗಳ ಒಂದು ಸ್ಟ್ರಕ್ಚರ್ ಇರುವ ಅರೇ. ಮೊದಲ ಆರು ಪೂರ್ಣಾಂಕ ಅಥವಾ ಪಾಯಿಂಟರ್ ಆರ್ಗ್ಯುಮೆಂಟ್‌ಗಳು ಅಲ್ಲಿ ರಿಜಿಸ್ಟರ್‌ಗಳಲ್ಲೇ ಬರುವುದರಿಂದ, ಎಷ್ಟು ರಿಜಿಸ್ಟರ್ ಮುಗಿದಿದೆ, ಸ್ಟ್ಯಾಕ್‌ನಲ್ಲಿ ಮುಂದಿನದು ಎಲ್ಲಿದೆ ಎಂಬುದನ್ನೆಲ್ಲ ಆ ಸ್ಟ್ರಕ್ಚರ್ ನೆನಪಿಡಬೇಕಾಗುತ್ತದೆ. ಅರೇ ಆದ ಕಾರಣ ಅದು ಫಂಕ್ಷನ್‌ಗೆ ಹೋಗುವಾಗ ಪಾಯಿಂಟರ್ ಆಗಿಬಿಡುತ್ತದೆ. ಒಳಗೆ ಆದ ಬದಲಾವಣೆ ಹೊರಗೂ ಕಾಣುತ್ತದೆ. ವಿಎ_ಲಿಸ್ಟ್ ಬರಿಯ ಪಾಯಿಂಟರ್ ಆಗಿರುವ ಬೇರೆ ವ್ಯವಸ್ಥೆಯಲ್ಲಿ ಅದೇ ಕೋಡ್ ಒಂದೇ ಆರ್ಗ್ಯುಮೆಂಟ್ ಅನ್ನು ಮತ್ತೆ ಮತ್ತೆ ಓದುತ್ತದೆ. ಪರಿಹಾರ ಸುಲಭ. ವಿಎ_ಲಿಸ್ಟ್ ಅನ್ನು ನಮ್ಮದೇ ಒಂದು ಸ್ಟ್ರಕ್ಚರ್ ಒಳಗೆ ಇಡಿ, 1999ರ ಮಾನಕದಲ್ಲಿ ಬಂದ ವಿಎ_ಕಾಪಿ ಮೂಲಕ ಅದರೊಳಗೆ ನಕಲು ಮಾಡಿಕೊಳ್ಳಿ, ಎಲ್ಲ ಕಡೆಗೂ ಆ ಸ್ಟ್ರಕ್ಚರ್‌ನ ಪಾಯಿಂಟರ್ ಅನ್ನೇ ಕಳಿಸಿ. ಕೆಲಸ ಮುಗಿದ ಮೇಲೆ ನಕಲಿಗೂ ವಿಎ_ಎಂಡ್ ಹಾಕಲು ಮರೆಯಬೇಡಿ.

ಹಂತ 2: ಹೊರಗೆ ಕಳಿಸುವ ದಾರಿ

ಪ್ರತಿ ಅಕ್ಷರಕ್ಕೂ ಒಂದೊಂದು ರೈಟ್ ಸಿಸ್ಟಮ್ ಕಾಲ್ ಮಾಡಿದರೂ ಫಲಿತಾಂಶ ಸರಿಯಾಗಿಯೇ ಬರುತ್ತದೆ, ಆದರೆ ಪ್ರತಿ ಸಲವೂ ಕರ್ನೆಲ್‌ಗೆ ಹೋಗಿ ಬರುವ ವೆಚ್ಚ ತೆರಬೇಕಾಗುತ್ತದೆ. ಹಾಗಾಗಿ ಒಂದು ಸಣ್ಣ ಬಫರ್ (ಅಕ್ಷರಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗ), ಅದರಲ್ಲಿ ತುಂಬಿರುವ ಬೈಟ್‌ಗಳ ಲೆಕ್ಕ, ಒಟ್ಟು ಲೆಕ್ಕ ಮತ್ತು ದೋಷದ ಗುರುತು, ಈ ನಾಲ್ಕನ್ನೂ ಒಂದು ಸ್ಟ್ರಕ್ಚರ್‌ನಲ್ಲಿ ಇಡಿ. ಬಫರ್ ತುಂಬಿದಾಗ ಮತ್ತು ಫಂಕ್ಷನ್ ಮುಗಿಯುವಾಗ ಖಾಲಿ ಮಾಡಿ. ರೈಟ್ ನಾವು ಕೊಟ್ಟದ್ದಕ್ಕಿಂತ ಕಡಿಮೆ ಬೈಟ್‌ಗಳನ್ನು ಬರೆದು ಹಿಂದಿರುಗಬಹುದು, ಆದ್ದರಿಂದ ಉಳಿದದ್ದನ್ನು ಬರೆಯುವ ಲೂಪ್ ಬೇಕು. ಸಿಗ್ನಲ್ ಅಡ್ಡಬಂದ ಕಾರಣಕ್ಕೆ ವಿಫಲವಾಗಿದ್ದರೆ ಮತ್ತೆ ಪ್ರಯತ್ನಿಸಿ. ಬೇರೆ ಕಾರಣವಾದರೆ ದೋಷದ ಗುರುತು ಹಾಕಿ ಕೊನೆಯಲ್ಲಿ ಋಣ ಸಂಖ್ಯೆ ಹಿಂದಿರುಗಿಸಿ. ದೋಷವಿಲ್ಲದಿದ್ದರೆ ಹಿಂದಿರುಗಿಸಬೇಕಾದದ್ದು ಬರೆದ ಬೈಟ್‌ಗಳ ಒಟ್ಟು ಲೆಕ್ಕ.

ಈ ಸ್ಟ್ರಕ್ಚರ್‌ನಿಂದ ಇನ್ನೊಂದು ಲಾಭವಿದೆ. ಹೊರದಾರಿಯನ್ನು ಮಾತ್ರ ಬದಲಾಯಿಸಿದರೆ ಅದೇ ಯಂತ್ರದಿಂದ, ಪರದೆಯ ಬದಲು ಮೆಮೊರಿಯಲ್ಲಿ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಕೂಡ ಸಿಗುತ್ತದೆ: ಕೊಟ್ಟ ಜಾಗದಲ್ಲಿ ಕೊನೆಯ ಒಂದು ಬೈಟ್ ಬಿಟ್ಟು ಉಳಿದದ್ದರಲ್ಲಿ ಹಿಡಿಸುವಷ್ಟು ಬರೆಯುವುದು, ಹಿಡಿಸದಿದ್ದರೂ ಲೆಕ್ಕ ಮಾತ್ರ ಮುಂದುವರಿಸುವುದು.

ಹಂತ 3: ನಿರ್ದೇಶನವನ್ನು ಓದುವುದು

% ಸಿಕ್ಕ ಮೇಲೆ ಬರುವ ಭಾಗಗಳ ಕ್ರಮ ನಿಶ್ಚಿತ: ಫ್ಲ್ಯಾಗ್‌ಗಳು, ಅಗಲ, ಚುಕ್ಕಿಯ ನಂತರ ಪ್ರಿಸಿಷನ್ (ಪೂರ್ಣಾಂಕಕ್ಕೆ ಕನಿಷ್ಠ ಎಷ್ಟು ಅಂಕಿ, ಸ್ಟ್ರಿಂಗ್‌ಗೆ ಗರಿಷ್ಠ ಎಷ್ಟು ಬೈಟ್ ಎಂಬ ಸಂಖ್ಯೆ), ಉದ್ದದ ಸೂಚಕ, ಕೊನೆಗೆ ಪರಿವರ್ತನೆಯ ಅಕ್ಷರ. -, +, ಖಾಲಿ ಜಾಗ, # ಮತ್ತು 0 ಎಂಬ ಐದು ಫ್ಲ್ಯಾಗ್‌ಗಳು ಯಾವ ಕ್ರಮದಲ್ಲಾದರೂ, ಎಷ್ಟು ಸಲವಾದರೂ ಬರಬಹುದು. ಫ್ಲ್ಯಾಗ್‌ಗಳನ್ನು ಪೂರ್ತಿ ಓದಿ ಮುಗಿಸಿದ ಮೇಲೆಯೇ ಅಗಲಕ್ಕೆ ಹೋದರೆ %08ಡಿ ಯಲ್ಲಿ 0 ಫ್ಲ್ಯಾಗ್, 8 ಅಗಲ ಎಂಬುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. %10ಡಿ ಯ ಸೊನ್ನೆ ಅಗಲದ ಭಾಗವಾಗಿಯೇ ಉಳಿಯುತ್ತದೆ.

ಅಗಲ ಅಥವಾ ಪ್ರಿಸಿಷನ್‌ನ ಜಾಗದಲ್ಲಿ * ಇದ್ದರೆ ಅದನ್ನು ಆರ್ಗ್ಯುಮೆಂಟ್‌ನಿಂದ ಇಂಟ್ ಆಗಿ ಎತ್ತಿಕೊಳ್ಳಬೇಕು, ಮೊದಲು ಅಗಲ, ಆಮೇಲೆ ಪ್ರಿಸಿಷನ್, ಕೊನೆಗೆ ಮೌಲ್ಯ. ಹೀಗೆ ಬಂದ ಅಗಲ ಋಣವಾಗಿದ್ದರೆ - ಫ್ಲ್ಯಾಗ್ ಇದೆಯೆಂದು ತಿಳಿದು ಧನವಾಗಿಸಿ. ಪ್ರಿಸಿಷನ್ ಋಣವಾಗಿದ್ದರೆ ಅದನ್ನು ಕೊಟ್ಟೇ ಇಲ್ಲವೆಂದು ಭಾವಿಸಿ. ಚುಕ್ಕಿ ಇದ್ದು ಅಂಕಿ ಇಲ್ಲದಿದ್ದರೆ ಪ್ರಿಸಿಷನ್ ಸೊನ್ನೆ. ‘ಕೊಟ್ಟಿಲ್ಲ’ ಮತ್ತು ‘ಸೊನ್ನೆ’ ಬೇರೆ ಬೇರೆ ಸಂಗತಿಗಳಾದ್ದರಿಂದ ಕೊಟ್ಟಿಲ್ಲ ಎಂಬುದಕ್ಕೆ -1 ಇಟ್ಟುಕೊಳ್ಳುವುದು ಅನುಕೂಲ.

ಓದಿ ಮುಗಿಸಿದ ಕೂಡಲೇ ಫ್ಲ್ಯಾಗ್‌ಗಳ ಜಗಳವನ್ನು ಇಲ್ಲಿಯೇ ತೀರಿಸಿಬಿಡಿ. - ಇದ್ದರೆ 0 ಲೆಕ್ಕಕ್ಕಿಲ್ಲ, + ಇದ್ದರೆ ಖಾಲಿ ಜಾಗ ಲೆಕ್ಕಕ್ಕಿಲ್ಲ, ಪೂರ್ಣಾಂಕಗಳಿಗೆ ಪ್ರಿಸಿಷನ್ ಕೊಟ್ಟಿದ್ದರೆ ಆಗಲೂ 0 ಲೆಕ್ಕಕ್ಕಿಲ್ಲ. ಈ ಮೂರು ಸಾಲುಗಳನ್ನು ಮುಂದಿನ ಹಂತಗಳಿಗೆ ಬಿಟ್ಟರೆ ಅವು ಎಲ್ಲೆಡೆ ಹರಡಿಕೊಳ್ಳುತ್ತವೆ.

ಹಂತ 4: ಸಂಖ್ಯೆಯನ್ನು ಅಂಕಿಗಳಾಗಿ ಬಿಡಿಸುವುದು

ಸಂಖ್ಯೆಯನ್ನು ಮೂಲದಿಂದ ಭಾಗಿಸುತ್ತ ಶೇಷವನ್ನು ಬಫರ್‌ನ ಕೊನೆಯಿಂದ ಹಿಂದಕ್ಕೆ ತುಂಬುತ್ತ ಬಂದರೆ ಅಂಕಿಗಳನ್ನು ಆಮೇಲೆ ತಿರುವಿ ಹಾಕುವ ಅಗತ್ಯವಿಲ್ಲ. 64 ಬಿಟ್ ಸಂಖ್ಯೆಗೆ ದಶಮಾನದಲ್ಲಿ ಹೆಚ್ಚೆಂದರೆ 20 ಅಂಕಿ, ಎಂಟರ ಮೂಲದಲ್ಲಿ 22, ಹದಿನಾರರ ಮೂಲದಲ್ಲಿ 16. ಹಾಗಾಗಿ 24 ಬೈಟ್‌ಗಳ ಬಫರ್ ಸಾಕು. ಇದರಲ್ಲಿ ಅಂಕಿಗಳು ಮಾತ್ರ ಇರಬೇಕು. ಚಿಹ್ನೆ, ಮುಂಭಾಗದ ಗುರುತು (ಹದಿನಾರರ ಮೂಲದ 0ಎಕ್ಸ್), ತುಂಬುವ ಸೊನ್ನೆ ಯಾವುದೂ ಇಲ್ಲಿಗೆ ಬರಬಾರದು. ಬಂದರೆ %.100ಡಿ ಎಂದು ಯಾರೋ ಬರೆದ ದಿನ ಬಫರ್ ಉಕ್ಕಿ ಹರಿಯುತ್ತದೆ.

ಋಣ ಸಂಖ್ಯೆಗೆ ಮೊದಲು ಚಿಹ್ನೆಯನ್ನು ಬೇರೆಯಾಗಿ ಗುರುತು ಹಾಕಿಕೊಂಡು, ಗಾತ್ರವನ್ನು ಚಿಹ್ನೆರಹಿತ ವಿಧದಲ್ಲಿ ಇಟ್ಟುಕೊಳ್ಳಬೇಕು. ಎಚ್ಚರ ಬೇಕಾದ ಸಂಖ್ಯೆ ಒಂದೇ: 32 ಬಿಟ್ ಇಂಟ್‌ನ ಕನಿಷ್ಠ ಮೌಲ್ಯ -2147483648. ಇಂಟ್‌ನ ಗರಿಷ್ಠ 2147483647 ಆಗಿರುವುದರಿಂದ ಆ ಕನಿಷ್ಠ ಮೌಲ್ಯದ ಚಿಹ್ನೆಯನ್ನು ಇಂಟ್‌ನಲ್ಲೇ ತಿರುಗಿಸಿದರೆ ಉತ್ತರ ಹಿಡಿಸುವುದಿಲ್ಲ, ಅದು ಅನಿರ್ದಿಷ್ಟ ವರ್ತನೆ. ಮೊದಲು ಚಿಹ್ನೆರಹಿತ ವಿಧಕ್ಕೆ ಬದಲಾಯಿಸಿ, ಆಮೇಲೆ ಸೊನ್ನೆಯಿಂದ ಕಳೆಯಿರಿ. ಚಿಹ್ನೆರಹಿತ ಗಣಿತ ಸುತ್ತಿಕೊಂಡು ಬರುವುದು ಮಾನಕವೇ ಒಪ್ಪಿದ ನಡೆ, ಉತ್ತರ ಸರಿಯಾಗಿ 2147483648 ಬರುತ್ತದೆ. ಈ ಒಂದು ಸಂಖ್ಯೆಗೆ ಸಿದ್ಧ ಸ್ಟ್ರಿಂಗ್ ಬರೆದಿಟ್ಟು ತಪ್ಪಿಸಿಕೊಳ್ಳುವ ಕೋಡ್ ಬಹಳ ಕಡೆ ಕಂಡಿದ್ದೇನೆ. ಅದು 32 ಬಿಟ್‌ಗೆ ಹಾಕಿದ ತೇಪೆಯಷ್ಟೇ. 64 ಬಿಟ್‌ನ ಕನಿಷ್ಠ ಮೌಲ್ಯ ಬಂದಾಗ ಅದೇ ತೂತು ಮತ್ತೆ ತೆರೆದುಕೊಳ್ಳುತ್ತದೆ.

ಭಾಗಿಸುವ ಲೂಪ್ ಅನ್ನು ‘ಸಂಖ್ಯೆ ಸೊನ್ನೆಯಲ್ಲದ ತನಕ’ ಎಂಬ ಷರತ್ತಿನ ವೈಲ್ ಆಗಿಯೇ ಬರೆಯಿರಿ. ಹಾಗೆ ಬರೆದರೆ ಸೊನ್ನೆಗೆ ಒಂದು ಅಂಕಿಯೂ ಹುಟ್ಟುವುದಿಲ್ಲ. ಇದು ತಪ್ಪಿನಂತೆ ತೋರಿದರೂ ನಮಗೆ ಬೇಕಾದದ್ದು ಅದೇ. ಏಕೆಂದರೆ ಪೂರ್ಣಾಂಕಗಳಿಗೆ ಪ್ರಿಸಿಷನ್ ಕೊಡದಿದ್ದರೆ ಅದು 1 ಎಂದು ಮಾನಕ ಹೇಳುತ್ತದೆ: ಕನಿಷ್ಠ ಒಂದು ಅಂಕಿ ಇರಬೇಕು, ಕೊರತೆಯಿದ್ದರೆ ಸೊನ್ನೆಯಿಂದ ತುಂಬಬೇಕು. ಸೊನ್ನೆ ಎಂಬ ಮೌಲ್ಯಕ್ಕೆ ಅಂಕಿ ಇಲ್ಲ, ಕೊರತೆ ಒಂದು, ತುಂಬಿದ್ದು ಒಂದು ಸೊನ್ನೆ. ಪರದೆಯ ಮೇಲೆ 0. ಸೊನ್ನೆ ಮೌಲ್ಯವನ್ನು %.0ಡಿ ಮೂಲಕ ಮುದ್ರಿಸಿದರೆ ಏನೂ ಕಾಣಬಾರದು ಎಂಬ ವಿಚಿತ್ರ ನಿಯಮವೂ ಯಾವ ವಿಶೇಷ ಇಫ್ ಇಲ್ಲದೆ ಪಾಲನೆಯಾಗುತ್ತದೆ.

ಹಂತ 5: ಅಳತೆ

ಯಾವುದೇ ಪೂರ್ಣಾಂಕದ ಮುದ್ರಣದಲ್ಲಿ ಎಡದಿಂದ ಬಲಕ್ಕೆ ಐದು ಭಾಗಗಳು ಮಾತ್ರ ಇರುತ್ತವೆ: ಎಡಗಡೆಯ ಖಾಲಿ ಜಾಗ, ಚಿಹ್ನೆ ಅಥವಾ ಮುಂಭಾಗದ ಗುರುತು, ತುಂಬುವ ಸೊನ್ನೆಗಳು, ಅಂಕಿಗಳು, ಬಲಗಡೆಯ ಖಾಲಿ ಜಾಗ. ಪ್ರತಿಯೊಂದು ಭಾಗಕ್ಕೂ ಉದ್ದವಿದೆ, ಆ ಉದ್ದ ಸೊನ್ನೆಯೂ ಆಗಿರಬಹುದು. ಈ ಐದು ಉದ್ದಗಳನ್ನು ಲೆಕ್ಕ ಹಾಕಿದ ಮೇಲೆ ಮುದ್ರಿಸುವುದೆಂದರೆ ಐದು ಸಾಲುಗಳ ಕೆಲಸ.

ಲೆಕ್ಕದ ಕ್ರಮ ಹೀಗಿದೆ. ಅಂಕಿಗಳ ಉದ್ದ ಹಿಂದಿನ ಹಂತದಿಂದ ಸಿಕ್ಕಿದೆ. ಚಿಹ್ನೆಯ ಉದ್ದ, ಸಂಖ್ಯೆ ಋಣವಾಗಿದ್ದರೆ ಅಥವಾ + ಇಲ್ಲವೇ ಖಾಲಿ ಜಾಗದ ಫ್ಲ್ಯಾಗ್ ಇದ್ದರೆ 1. %ಎಕ್ಸ್ ಜೊತೆ # ಇದ್ದು ಮೌಲ್ಯ ಸೊನ್ನೆಯಲ್ಲದಿದ್ದರೆ ಮುಂಭಾಗದ ಗುರುತು 0ಎಕ್ಸ್, ಅದರ ಉದ್ದ 2. ಸೊನ್ನೆಗಳ ಉದ್ದ, ಪ್ರಿಸಿಷನ್‌ನಿಂದ ಅಂಕಿಗಳ ಉದ್ದ ಕಳೆದದ್ದು, ಋಣವಾದರೆ ಸೊನ್ನೆ. %ಓ ಜೊತೆ # ಬಂದರೆ ಮುಂಭಾಗದ ಗುರುತು ಇಲ್ಲ. ಅದರ ಬದಲು, ಸೊನ್ನೆಗಳ ಉದ್ದ ಲೆಕ್ಕ ಹಾಕುವ ಮುನ್ನವೇ, ಮೊದಲ ಅಂಕಿ ಸೊನ್ನೆಯಾಗುವಷ್ಟು ಪ್ರಿಸಿಷನ್ ಹೆಚ್ಚಬೇಕು, ಅಂದರೆ ಪ್ರಿಸಿಷನ್ ಅಂಕಿಗಳ ಉದ್ದಕ್ಕಿಂತ ಹೆಚ್ಚಿಲ್ಲದಿದ್ದರೆ ಅದನ್ನು ಅಂಕಿಗಳ ಉದ್ದಕ್ಕಿಂತ ಒಂದು ಹೆಚ್ಚು ಮಾಡಿಕೊಳ್ಳಬೇಕು. ಇನ್ನು 0 ಫ್ಲ್ಯಾಗ್ ಉಳಿದುಕೊಂಡಿದ್ದರೆ, ಅಗಲದಲ್ಲಿ ಚಿಹ್ನೆ ಅಥವಾ ಮುಂಭಾಗದ ಗುರುತು ಮತ್ತು ಅಂಕಿಗಳು ಹೋಗಿ ಉಳಿದ ಜಾಗವೆಲ್ಲ ಸೊನ್ನೆಗಳದು. ಅದು ಈಗಾಗಲೇ ಲೆಕ್ಕ ಹಾಕಿದ ಸೊನ್ನೆಗಳಿಗಿಂತ ಹೆಚ್ಚಾಗಿದ್ದರೆ ಮಾತ್ರ ಅದನ್ನು ತೆಗೆದುಕೊಳ್ಳಿ. ಇಷ್ಟೆಲ್ಲ ಆದ ಮೇಲೂ ಅಗಲ ಉಳಿದರೆ ಅದು ಖಾಲಿ ಜಾಗ. - ಇದ್ದರೆ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ.

42 ಎಂಬ ಸಂಖ್ಯೆಯನ್ನು %+8.3ಡಿ ಯಲ್ಲಿ ಹಾಕಿ ನೋಡೋಣ. ಅಂಕಿಗಳು 2, ಪ್ರಿಸಿಷನ್ 3 ಆದ್ದರಿಂದ ಸೊನ್ನೆ 1, ಚಿಹ್ನೆ 1, ಒಟ್ಟು 4; ಅಗಲ 8ರಲ್ಲಿ ಉಳಿದದ್ದು 4 ಖಾಲಿ ಜಾಗ. ಹೊರಬರುವುದು ನಾಲ್ಕು ಖಾಲಿ ಜಾಗ ಮತ್ತು +042. ಅದೇ ಸಂಖ್ಯೆಗೆ %08.3ಡಿ ಕೊಟ್ಟರೆ ಪ್ರಿಸಿಷನ್ ಇರುವ ಕಾರಣ 0 ಫ್ಲ್ಯಾಗ್ ಬಿದ್ದುಹೋಗಿ ಐದು ಖಾಲಿ ಜಾಗದ ನಂತರ 042 ಬರುತ್ತದೆ. -42ಕ್ಕೆ %08ಡಿ ಕೊಟ್ಟರೆ -0000042. ಮುದ್ರಿಸುತ್ತಲೇ ನಿರ್ಧರಿಸುವ ಕೋಡ್ ಸಾಮಾನ್ಯವಾಗಿ ಎಡವುವುದು ಈ ಕೊನೆಯದರಲ್ಲಿ; ಸೊನ್ನೆಗಳನ್ನು ಕಳಿಸಿಯಾದ ಮೇಲೆ ಚಿಹ್ನೆಯ ನೆನಪಾಗಿ 00000-42 ಎಂದು ಬರೆದುಬಿಡುತ್ತದೆ. ನನ್ನ ಮೊದಲ ಆವೃತ್ತಿ ಬರೆದದ್ದೂ ಅದನ್ನೇ.

ಹಂತ 6: ಸ್ಟ್ರಿಂಗ್, ಅಕ್ಷರ, ಪಾಯಿಂಟರ್

%ಎಸ್‌ಗೆ ಪ್ರಿಸಿಷನ್ ಎಂದರೆ ಹೆಚ್ಚೆಂದರೆ ಎಷ್ಟು ಬೈಟ್ ಎಂಬ ಮಿತಿ. ಪ್ರಿಸಿಷನ್ ಕೊಟ್ಟಿರುವಾಗ ಸ್ಟ್ರಿಂಗ್‌ನ ಕೊನೆಯಲ್ಲಿ ಶೂನ್ಯ ಬೈಟ್ ಇರಲೇಬೇಕೆಂದಿಲ್ಲ, ಆದ್ದರಿಂದ ಉದ್ದ ಅಳೆಯಲು ಸ್ಟ್ರ್‌ಲೆನ್ ಬಳಸುವುದು ತಪ್ಪು. ಮಿತಿ ತಲುಪಿದ ಕೂಡಲೇ ನಿಲ್ಲುವ ನಮ್ಮದೇ ಲೂಪ್ ಬರೆಯಬೇಕು. ನಲ್ ಪಾಯಿಂಟರ್ ಕೊಟ್ಟರೆ ಏನಾಗಬೇಕೆಂದು ಮಾನಕ ಹೇಳುವುದಿಲ್ಲ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ಆವರಣದೊಳಗೆ ನಲ್ ಎಂದು ಆರು ಅಕ್ಷರಗಳಲ್ಲಿ ಬರೆಯುತ್ತದೆ, ಪ್ರಿಸಿಷನ್ ಆರಕ್ಕಿಂತ ಕಡಿಮೆಯಿದ್ದರೆ ಏನನ್ನೂ ಬರೆಯುವುದಿಲ್ಲ. ನೀವು ಬೇರೆ ದಾರಿ ಹಿಡಿದರೂ ತಪ್ಪಿಲ್ಲ, ಪ್ರೋಗ್ರಾಂ ಬೀಳದಿದ್ದರೆ ಸಾಕು.

ಅಗಲವಾಗಲಿ ಪ್ರಿಸಿಷನ್ ಆಗಲಿ ಎಣಿಸುವುದು ಬೈಟ್‌ಗಳನ್ನು ಎಂಬುದು ನಮ್ಮ ಲಿಪಿಯಲ್ಲಿ ಬೇಗ ಅನುಭವಕ್ಕೆ ಬರುತ್ತದೆ. ‘ಕನ್ನಡ’ ಎಂಬ ಪದ ಯುಟಿಎಫ್-8ರಲ್ಲಿ ಐದು ಸಂಕೇತಗಳಾಗಿ, ತಲಾ ಮೂರು ಬೈಟ್‌ನಂತೆ 15 ಬೈಟ್ ಹಿಡಿಯುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರವಾದರೂ %20ಎಸ್ ಅದರ ಮುಂದೆ ಐದೇ ಖಾಲಿ ಜಾಗ ಇಡುತ್ತದೆ, %.4ಎಸ್ ‘ಕ’ ಬರೆದು ಮುಂದಿನ ಅಕ್ಷರದ ಮೂರರಲ್ಲಿ ಒಂದು ಬೈಟ್ ಮಾತ್ರ ಕಳಿಸುವುದರಿಂದ ಪರದೆಯ ಮೇಲೆ ಒಡೆದ ಗುರುತು ಕಾಣುತ್ತದೆ. ಮಾನಕದ ಪ್ರಿಂಟ್‌ಎಫ್ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ, ನಮ್ಮದೂ ಹಾಗೆಯೇ ಇರಲಿ.

%ಸಿ ಯನ್ನು ಒಂದಕ್ಷರದ ಸ್ಟ್ರಿಂಗ್ ಎಂದು ಭಾವಿಸಿ %ಎಸ್‌ನ ದಾರಿಗೆ ಕಳಿಸಬೇಡಿ. ಮೌಲ್ಯ 0 ಆಗಿದ್ದರೂ ಒಂದು ಬೈಟ್ ಹೊರಗೆ ಹೋಗಬೇಕು, ಲೆಕ್ಕದಲ್ಲೂ ಒಂದು ಹೆಚ್ಚಬೇಕು. %ಪಿ ಯ ರೂಪ ಆಯಾ ಲೈಬ್ರರಿಗೆ ಬಿಟ್ಟದ್ದು. ಹದಿನಾರರ ಮೂಲದಲ್ಲಿ # ಫ್ಲ್ಯಾಗ್ ಹಚ್ಚಿ ಮುದ್ರಿಸಿದರೆ ಸಾಕು.

ದಶಾಂಶ ಸಂಖ್ಯೆಗಳನ್ನು ಹೊರಗಿಟ್ಟದ್ದೇಕೆ

ಚುಕ್ಕಿಯ ನಂತರದ ಭಾಗವನ್ನು ಹತ್ತರಿಂದ ಗುಣಿಸುತ್ತ ಒಂದೊಂದೇ ಅಂಕಿ ತೆಗೆಯುವ ಉಪಾಯ ಮೊದಲ ಕೆಲವು ಅಂಕಿಗಳ ತನಕ ಸರಿಯೆನಿಸುತ್ತದೆ, ಆದರೆ ಪ್ರತಿ ಗುಣಾಕಾರದಲ್ಲೂ ದುಂಡಾಗಿಸುವ ದೋಷ ಸೇರಬಹುದು. 0.1 ಎಂಬುದು ಡಬಲ್‌ನಲ್ಲಿ ನಿಖರವಾಗಿ ಇರುವುದೇ ಇಲ್ಲ. ಜಿಲಿಬ್‌ಸಿ ಅದನ್ನು 20 ಸ್ಥಾನಗಳಿಗೆ ಮುದ್ರಿಸಿದಾಗ 0.10000000000000000555 ಎಂದು ಬರುವುದು ಅದರ ನಿಜವಾದ ಮೌಲ್ಯದಿಂದ. ಡಬಲ್‌ನ ಅತಿ ದೊಡ್ಡ ಸಂಖ್ಯೆಗೆ ದಶಮಾನದಲ್ಲಿ 309 ಅಂಕಿಗಳಿವೆ. ಇವನ್ನೆಲ್ಲ ಸರಿಯಾಗಿ ಮುದ್ರಿಸಲು ದೊಡ್ಡ ಪೂರ್ಣಾಂಕಗಳ ಗಣಿತವನ್ನೇ ಬರೆಯಬೇಕು. ದುಂಡಾಗಿಸುವುದೂ ಸುಲಭವಲ್ಲ: ಸ್ಥಾನಗಳಿಲ್ಲದೆ ಮುದ್ರಿಸಿದಾಗ ಜಿಲಿಬ್‌ಸಿಯಲ್ಲಿ 0.5 ಎಂಬುದು 0, 1.5 ಎಂಬುದು 2, 2.5 ಕೂಡ 2 ಆಗುತ್ತದೆ, ಸರಿಯಾಗಿ ಮಧ್ಯದಲ್ಲಿರುವ ಮೌಲ್ಯ ಸಮಸಂಖ್ಯೆಯ ಕಡೆಗೆ ವಾಲುವುದರಿಂದ. ಪೂರ್ಣಾಂಕಗಳ ಭಾಗ ಗಟ್ಟಿಯಾದ ಮೇಲೆ ಇದನ್ನು ಬೇರೆಯೇ ಕೆಲಸವೆಂದು ಕೈಗೆತ್ತಿಕೊಳ್ಳಿ. ಅಳತೆಯ ಹಂತ ಆಗಲೂ ಹೆಚ್ಚು ಬದಲಾಗುವುದಿಲ್ಲ.

ಹಂತ 7: ಪರೀಕ್ಷೆ

ನಿಮ್ಮ ಫಂಕ್ಷನ್‌ಗೆ ಬೇರೆ ಹೆಸರಿಡಿ, ಉದಾಹರಣೆಗೆ ಮೈ_ಪ್ರಿಂಟ್‌ಎಫ್. ಪ್ರಿಂಟ್‌ಎಫ್ ಎಂದೇ ಹೆಸರಿಟ್ಟರೆ, ಹೊಸಸಾಲಿನಿಂದ ಮುಗಿಯುವ ಸರಳ ಸ್ಟ್ರಿಂಗ್‌ನ ಕರೆಯನ್ನು ಜಿಸಿಸಿ ಕಂಪೈಲರ್ ಸದ್ದಿಲ್ಲದೆ ಪುಟ್ಸ್ ಎಂಬ ಲೈಬ್ರರಿ ಫಂಕ್ಷನ್‌ನ ಕರೆಯಾಗಿ ಬದಲಾಯಿಸಿಬಿಡಬಹುದು. ನಿಮ್ಮ ಕೋಡ್ ಓಡದೆಯೇ ಪರೀಕ್ಷೆ ಗೆದ್ದಂತೆ ಕಾಣುತ್ತದೆ. ಘೋಷಣೆಗೆ ಜಿಸಿಸಿ ಮತ್ತು ಕ್ಲ್ಯಾಂಗ್ ಒಪ್ಪುವ ಫಾರ್ಮ್ಯಾಟ್ ಆಟ್ರಿಬ್ಯೂಟ್ ಸೇರಿಸಿದರೆ, ತಪ್ಪು ವಿಧದ ಆರ್ಗ್ಯುಮೆಂಟ್ ಕೊಟ್ಟಾಗ ಪ್ರಿಂಟ್‌ಎಫ್‌ಗೆ ಬರುವ ಎಚ್ಚರಿಕೆಯೇ ನಿಮ್ಮದಕ್ಕೂ ಬರುತ್ತದೆ. ಅನಿರ್ದಿಷ್ಟ ವರ್ತನೆ ಮತ್ತು ವಿಳಾಸ ದೋಷಗಳನ್ನು ಹಿಡಿಯುವ ಸ್ಯಾನಿಟೈಸರ್‌ಗಳನ್ನು ಮೊದಲ ದಿನದಿಂದಲೇ ಚಾಲೂ ಇಡಿ.

ಪ್ರತಿ ಪರೀಕ್ಷೆಯಲ್ಲೂ ಎರಡನ್ನು ಹೋಲಿಸಿ: ಬಂದ ಪಠ್ಯ ಮತ್ತು ಹಿಂದಿರುಗಿದ ಲೆಕ್ಕ. ಹೋಲಿಕೆಗೆ ಎಸ್‌ಎನ್‌ಪ್ರಿಂಟ್‌ಎಫ್ ಮಾದರಿಯ ಆವೃತ್ತಿ ಹೆಚ್ಚು ಅನುಕೂಲ, ಏಕೆಂದರೆ ಎರಡೂ ಉತ್ತರಗಳು ಮೆಮೊರಿಯಲ್ಲೇ ಸಿಗುತ್ತವೆ. ಫ್ಲ್ಯಾಗ್‌ಗಳ ಎಲ್ಲ 32 ಜೋಡಣೆಗಳನ್ನೂ, ಕೆಲವು ಅಗಲಗಳನ್ನೂ, ಪ್ರಿಸಿಷನ್ ಇಲ್ಲದ್ದು, 0, 1, 5 ಎಂಬ ನಾಲ್ಕು ಸ್ಥಿತಿಗಳನ್ನೂ ಒಂದರೊಳಗೊಂದು ಲೂಪ್ ಹಾಕಿ ಫಾರ್ಮ್ಯಾಟ್ ಸ್ಟ್ರಿಂಗ್ ಆಗಿ ಕಟ್ಟಿ, 0, 1, -1, 42 ಮತ್ತು ಎರಡೂ ತುದಿಯ ಮೌಲ್ಯಗಳ ಮೇಲೆ ಓಡಿಸಿ. %ಡಿ ಜೊತೆ # ನಂಥ ಕೆಲವು ಜೋಡಣೆಗಳಿಗೆ ಮಾನಕದಲ್ಲಿ ಅರ್ಥವಿಲ್ಲ. ಅಂಥವನ್ನು ಪಟ್ಟಿಯಿಂದ ತೆಗೆದುಬಿಡಿ.

ಪರದೆಯ ಮೇಲೆಯೇ ಎರಡನ್ನೂ ಒಂದರ ಕೆಳಗೊಂದು ಮುದ್ರಿಸಿ ನೋಡುವ ಅಭ್ಯಾಸವಿದ್ದರೆ ಒಂದು ಮಾತು ಗಮನದಲ್ಲಿರಲಿ. ಟರ್ಮಿನಲ್‌ನಲ್ಲಿ ಸರಿಯಾದ ಕ್ರಮದಲ್ಲಿ ಕಂಡ ಸಾಲುಗಳು, ಫಲಿತಾಂಶವನ್ನು ಫೈಲಿಗೆ ತಿರುಗಿಸಿದಾಗ ನಿಮ್ಮವೆಲ್ಲ ಮೊದಲು, ಮೂಲ ಪ್ರಿಂಟ್‌ಎಫ್‌ನವೆಲ್ಲ ಕೊನೆಗೆ ಎಂಬಂತೆ ಬರಬಹುದು. ನಾನು ಒಂದು ಸಂಜೆಯಿಡೀ ಈ ದೋಷವನ್ನು ನನ್ನ ಕೋಡ್‌ನಲ್ಲಿ ಹುಡುಕಿದ್ದೇನೆ. ನಮ್ಮ ಫಂಕ್ಷನ್ ಮುಗಿಯುವಾಗಲೇ ಬಫರ್ ಖಾಲಿ ಮಾಡುತ್ತದೆ. ಲೈಬ್ರರಿಯ ಹೊರದಾರಿ ಸಾಮಾನ್ಯವಾಗಿ ಟರ್ಮಿನಲ್ ಆಗಿದ್ದರೆ ಸಾಲಿಗೊಮ್ಮೆ, ಫೈಲ್ ಆಗಿದ್ದರೆ ತನ್ನ ಬಫರ್ ತುಂಬಿದಾಗ ಅಥವಾ ಪ್ರೋಗ್ರಾಂ ಮುಗಿಯುವಾಗ ಮಾತ್ರ ಖಾಲಿಯಾಗುತ್ತದೆ. ಪ್ರತಿ ಮೂಲ ಕರೆಯ ನಂತರ ಲೈಬ್ರರಿಯ ಬಫರ್ ಖಾಲಿ ಮಾಡಿಸುವ ಒಂದು ಎಫ್‌ಫ್ಲಶ್ ಹಾಕಿದರೆ ಸಾಲುಗಳು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ.